ರಿಕ್ವೈರ್‌ಮೆಂಟ್ ಯಾರ ಹತ್ರ ಇದೆ?

ಮಿನಿ ಪ್ರಾಜೆಕ್ಟ್ ಸಿಕ್ಕ ಕೂಡಲೇ ನಮ್ಮಲ್ಲಿ ತುಂಬಾ ಜನ ಒಂದು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಬಂದ ಉತ್ತರಗಳೇ ರಿಕ್ವೈರ್‌ಮೆಂಟ್! ಆದರೆ ಪ್ರಶ್ನಾವಳಿ ಒಂದೇ ದಾರಿ ಅಲ್ಲ. ದಾಖಲೆ ಓದುವುದು, ಸಂದರ್ಶನ, ಕೆಲಸ ನಡೆಯುವಾಗ ಕೂತು ನೋಡುವುದು, ಪ್ರೊಟೊಟೈಪ್ ತೋರಿಸುವುದು ಕೂಡ ಇವೆ. ಯಾವುದನ್ನು ಆರಿಸೋದು? ಮೊದಲು ಹೀಗೆ ಕೇಳಿಕೊಳ್ಳಿ: ನಮಗೆ ಬೇಕಾದ ವಿಷಯ ಈಗ ಎಲ್ಲಿದೆ?

ನಮ್ಮ ರಾಜ್ಯದ 'ಭೂಮಿ' ಯೋಜನೆಯನ್ನೇ ನೋಡಿ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಪಹಣಿಯಲ್ಲಿ ಒಂದು ಹೆಸರು ತಪ್ಪಾದರೆ ರೈತನಿಗೆ ಬೆಳೆ ಸಾಲ ಸಿಗೋದು ಕಷ್ಟ. ಹಾಗಾಗಿ ಇಲ್ಲಿ ರಿಕ್ವೈರ್‌ಮೆಂಟ್ ಅಂದರೆ ಬರೀ ಮಾರ್ಕ್ಸಿನ ವಿಷಯ ಅಲ್ಲ.

ಕಾಗದದಲ್ಲಿದ್ದರೆ, ಓದಿ. ಸರ್ವೆ ನಂಬರ್, ವಿಸ್ತೀರ್ಣ, ಮಾಲೀಕರು, ಋಣ, ಬೆಳೆ ಎಲ್ಲಾ ಪಹಣಿಯ ಕಾಲಂಗಳಲ್ಲೇ ಇವೆ. ಹಕ್ಕು ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಆಗ 30 ದಿನ ಅವಕಾಶ ಇತ್ತು. ಅದು ಕಾನೂನಿನಲ್ಲಿದ್ದ ಮಾತು, ಯಾರನ್ನೂ ಕೇಳಬೇಕಿಲ್ಲ.

ಜನರ ಅನುಭವದಲ್ಲಿದ್ದರೆ, ಎರಡೂ ಕಡೆಯವರನ್ನು ಕೇಳಿ. 'ಭೂಮಿ'ಯಲ್ಲಿ ಮೊದಲು ಬಂದ ಅರ್ಜಿ ಮೊದಲು ವಿಲೇವಾರಿ ಆಗಬೇಕು, ನಡುವೆ ಯಾರನ್ನೂ ನುಗ್ಗಿಸೋ ಹಾಗಿಲ್ಲ. ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಕಲಿಯೋ ಕ್ಯೂ ಇದೇ. ಕೌಂಟರಿನ ಒಳಗೆ ಕೂತವರಿಗೆ ಇದು ಅಗತ್ಯ ಅನ್ನಿಸದೇ ಇರಬಹುದು. ಹೊರಗೆ ಕಾಯುವವರಿಗೆ ಅದೇ ಮುಖ್ಯ.

ಯಾರಿಗೂ ಇನ್ನೂ ಸ್ಪಷ್ಟ ಇಲ್ಲದಿದ್ದರೆ, ಪ್ರೊಟೊಟೈಪ್ ತೋರಿಸಿ. ಕಣ್ಣೆದುರು ಸ್ಕ್ರೀನ್ ಇದ್ದಾಗ "ಇದಲ್ಲ, ಹೀಗಿರಬೇಕು" ಅಂತ ಹೇಳೋದು ಸುಲಭ. ಅದಕ್ಕೆ ಕೋಡ್ ಬೇಡ, ಪೆನ್ಸಿಲ್ ಸಾಕು.

ಈಗ ಒಂದು ಅಭ್ಯಾಸ. ದಾಂಡೇಲಿ ಪಕ್ಕದ ಕೋಗಿಲಬನದಲ್ಲಿ ಒಂದು ಹೋಮ್‌ಸ್ಟೇಗೆ ಬುಕಿಂಗ್ ಆ್ಯಪ್ ಮಾಡ್ತೀರಿ ಅಂದ್ಕೊಳ್ಳಿ. ರೂಮು, ದರ, ಅಡ್ವಾನ್ಸ್ ವಿವರ ರಿಜಿಸ್ಟರಿನಲ್ಲಿ ಸಿಗುತ್ತದೆ. ಫೋನ್ ಬಂದಾಗ ಮಾಲೀಕರು ಏನೇನು ಕೇಳ್ತಾರೆ, ಯಾರಿಗೆ ಇಲ್ಲ ಅಂತಾರೆ ಅನ್ನೋದು ರಿಜಿಸ್ಟರಿನಲ್ಲಿ ಇರೋದಿಲ್ಲ. ಅರ್ಧ ದಿನ ಪಕ್ಕದಲ್ಲಿ ಕೂತು ನೋಡಬೇಕು. ಪ್ರವಾಸಿಗರಿಗೆ ಫಾರ್ಮ್ ಕಳಿಸಿದರೆ "ರಾಫ್ಟಿಂಗ್ ಬುಕ್ ಮಾಡೋ ಬಟನ್ ಬೇಕು" ಅಂತಾರೆ. ಆದರೆ ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬರುವ ನೀರನ್ನು ನಂಬಿಕೊಂಡಿದೆ. ನೀರು ಕಡಿಮೆ ಇದ್ದ ದಿನ ಆ ಬುಕಿಂಗ್ ಏನಾಗಬೇಕು? ದುಡ್ಡು ವಾಪಸ್ಸಾ, ದಿನ ಬದಲಾವಣೆಯಾ? ಇದು ರಾಫ್ಟ್ ನಡೆಸುವವರನ್ನು ಕೇಳಿದರೆ ಮಾತ್ರ ಹೊರಬರುವ ರಿಕ್ವೈರ್‌ಮೆಂಟ್. ಆ ಭಾಗದಲ್ಲಿ ಕನ್ನಡದ ಜೊತೆ ಕೊಂಕಣಿ, ಮರಾಠಿ, ಉರ್ದು ಆಡುವವರೂ ಇದ್ದಾರೆ. ಇಂಗ್ಲಿಷ್ ಫಾರ್ಮಿಗೆ ಉತ್ತರ ಬರಲಿಲ್ಲ ಅಂದರೆ ಅವರಿಗೆ ಹೇಳೋಕೆ ಏನೂ ಇಲ್ಲ ಅಂತ ಅರ್ಥ ಅಲ್ಲ.

ಮುಂದಿನ ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಏನು ಗೊತ್ತಾಗಬೇಕು, ಅದು ಎಲ್ಲಿದೆ, ಹೇಗೆ ಪಡೆಯೋದು. ಮೂರನೇ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೂ 'ಗೂಗಲ್ ಫಾರ್ಮ್' ಅಂತಲೇ ಇದ್ದರೆ ಎರಡನೇ ಕಾಲಮನ್ನು ಇನ್ನೊಮ್ಮೆ ತುಂಬಿ.