ಗೋಡೆಗೆ ಬೂಷ್ಟು ಬಂದಿದೆಯೇ?

ಆಷಾಢದ ಮಳೆ. ಮಲೆನಾಡಿನ ಊರು. ಒಗೆದ ಬಟ್ಟೆ ಒಣಗುವುದಿಲ್ಲ. ಉಪ್ಪು ನೀರಾಗುತ್ತದೆ. ಟ್ರಂಕಿನ ಹಿಂದೆ ಗೋಡೆ ಕಪ್ಪಾಗಿದೆ. ಮನೆಯೆಲ್ಲ ಮುಗ್ಗಲು ವಾಸನೆ.

“ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ ಕಣೆ” ಅಂತಾರೆ ಅತ್ತೆ. ಆದರೆ ಮಗು ರಾತ್ರಿಯೆಲ್ಲ ಕೆಮ್ಮುತ್ತದೆ. ಎದೆ ಸುಯ್ ಸುಯ್ ಅನ್ನುತ್ತದೆ.

ಆ ಕಪ್ಪು ಕಲೆ ಬರೀ ಕೊಳೆಯಲ್ಲ. ಅದಕ್ಕೆ ಜೀವ ಇದೆ. ಅದು ಬೂಷ್ಟು. ಹಳೆ ರೊಟ್ಟಿಯ ಮೇಲೆ ಬರುತ್ತದಲ್ಲ, ಅದೇ ಜಾತಿ. ಅದರ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಗಾಳಿಯಲ್ಲಿ ಹಾರಿ ಮೂಗಿಗೆ ಹೋಗುತ್ತದೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಉಬ್ಬಸ ಇದ್ದವರಿಗೆ, ಎಳೆ ಮಕ್ಕಳಿಗೆ ಕೆಮ್ಮು ಹೆಚ್ಚಬಹುದು. ಮಗು ಉಸಿರಾಡಲು ಕಷ್ಟಪಟ್ಟರೆ, ಪಕ್ಕೆ ಒಳಗೆ ಎಳೆದರೆ, ಆಗಲೇ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

“ಸುಣ್ಣ ಬಳಿದರೆ ಆಯ್ತಲ್ಲ?”

ಇಲ್ಲ ಅಕ್ಕ. ಒದ್ದೆ ಗೋಡೆಗೆ ಸುಣ್ಣ ಬಳಿದರೆ ಕಲೆ ಮುಚ್ಚುತ್ತದೆ, ಅಷ್ಟೇ. ಮತ್ತೆ ಏಳುತ್ತದೆ. ಬೂಷ್ಟಿಗೆ ಬೇಕಾದದ್ದು ನೀರು. ಆ ನೀರು ಎಲ್ಲಿಂದ ಬಂತು? ಮೊದಲು ಅದನ್ನು ಹುಡುಕಿ.

ಕಲೆ ಗೋಡೆಯ ಮೇಲ್ಗಡೆ ಇದೆಯೇ? ಹೆಂಚು ಒಡೆದಿರಬಹುದು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ. ಬಾಡಿಗೆ ಕೊಡುತ್ತೀರಿ, ಕೇಳಲು ಸಂಕೋಚ ಯಾಕೆ?

ಕಲೆ ನೆಲದಿಂದ ಮೇಲಕ್ಕೆ ಏರಿದೆಯೇ? ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೀರು ಹೀರುತ್ತಿದೆ. ಹೊರಗೆ ಹೋಗಿ ನೋಡಿ. ಸೂರಿನ ನೀರು, ಬಚ್ಚಲ ನೀರು ಗೋಡೆಯ ಬುಡದಲ್ಲೇ ನಿಂತಿದೆಯೇ? ಗುದ್ದಲಿ ಹಿಡಿದು ಸಣ್ಣ ಕಾಲುವೆ ಮಾಡಿ. ನೀರು ದೂರ ಹರಿಯಲಿ. ಇದಕ್ಕೆ ದುಡ್ಡು ಬೇಡ.

ಟ್ರಂಕಿನ ಹಿಂದೆ ಮಾತ್ರ ಇದೆಯೇ? ಅಲ್ಲಿ ಗಾಳಿ ಆಡುತ್ತಿಲ್ಲ. ಟ್ರಂಕನ್ನು ಗೋಡೆಯಿಂದ 4 ಬೆರಳು ದೂರ ಇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ಜಗಲಿಯಲ್ಲಿ ಹರವಿ. ಅಡಿಗೆ ಮಾಡುವಾಗ ಕಿಟಕಿ ತೆರೆಯಿರಿ.

ಈಗ ಗೋಡೆ ತೊಳೆಯೋಣ. ಮಕ್ಕಳನ್ನು ಹೊರಗೆ ಕಳಿಸಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಒಣ ಪೊರಕೆಯಿಂದ ಗುಡಿಸಲೇಬೇಡಿ, ಪುಡಿ ಹಾರುತ್ತದೆ. ಸೋಪಿನ ನೀರು ಹಚ್ಚಿ ಉಜ್ಜಿ. ಒಣ ಬಟ್ಟೆಯಲ್ಲಿ ಒರೆಸಿ. ಮಣ್ಣಿನ ಗೋಡೆಗೆ ನೀರು ಸುರಿಯಬೇಡಿ. ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿಯಿರಿ. ಸುಣ್ಣ ಕಣ್ಣಿಗೆ ಸಿಡಿದರೆ ತುಂಬಾ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಬೇಡಿ. ವಿಷಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಜೀವಕ್ಕೇ ಅಪಾಯ.

ಒದ್ದೆ ಗೋಡೆಯಲ್ಲಿ ಸ್ವಿಚ್ ಇದೆಯೇ? ಗೋಡೆ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಮತ್ತೆ ಮುಟ್ಟಬೇಡಿ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಮೇನ್ ಸ್ವಿಚ್ ಒಣಗಿದ ಜಾಗದಲ್ಲಿದ್ದರೆ ಅದನ್ನು ಆರಿಸಿ. ಕರೆಂಟ್ ಕೆಲಸ ಗೊತ್ತಿದ್ದವರನ್ನು ಕರೆಸಿ. ಅವರು ನೋಡಿದ ಮೇಲೆಯೇ ಗೋಡೆ ತೊಳೆಯಿರಿ.

ಮಾತಾಡಿ: ನಿಮ್ಮ ಮನೆಯಲ್ಲಿ ಕಲೆ ಎಲ್ಲಿದೆ? ಮೇಲೋ, ಕೆಳಗೋ, ಮೂಲೆಯಲ್ಲೋ?

ಬರೆಯಿರಿ: ಬೂಷ್ಟು, ಸುಣ್ಣ, ಬಚ್ಚಲು, ಸ್ವಿಚ್.