ಸೊಂಟದ ಎಲುಬು ಮುರಿದಾಗ ಅಪಾಯ ಯಾರಿಗೆ ಹೆಚ್ಚು?

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿಯನ್ನು ನಾವೆಲ್ಲ ಕೇಳಿರುತ್ತೇವೆ. ನಮ್ಮ ಕಡೆ ‘ಟೊಂಕ ಮುರೀತು’ ಅನ್ನುತ್ತಾರೆ. ಇಳಕಲ್, ಹುನಗುಂದ, ಬಾದಾಮಿಯಿಂದ ಇಂಥ ರೋಗಿಗಳನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗಳಿಗೆ ಕರೆತರುತ್ತಾರೆ. ಇವರಲ್ಲಿ ಅಪಾಯ ಹೆಚ್ಚು ಇರುವುದು ಅಜ್ಜಿಗೋ, ಅಜ್ಜನಿಗೋ? ಇದಕ್ಕೆ ಉತ್ತರ ಹುಡುಕಲು ನಮ್ಮ ಸಂಖ್ಯಾಶಾಸ್ತ್ರದ ಪಾಠವೂ ಬೇಕು.

ನಿಜವಾಗಿ ಮುರಿಯುವುದು ತೊಡೆ ಎಲುಬಿನ ಮೇಲ್ತುದಿ. ಆ ಎಲುಬಿನ ಕುತ್ತಿಗೆ ಮುರಿದು ಜರುಗಿದರೆ ಅದರ ಗುಂಡಾದ ತಲೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಎಲುಬು ಕೂಡುವುದು ಕಷ್ಟ. ಆದ್ದರಿಂದ ವಯಸ್ಸಾದವರಿಗೆ ವೈದ್ಯರು ಅದನ್ನು ತೆಗೆದು ಕೃತಕ ಕೀಲು ಹಾಕುತ್ತಾರೆ.

ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಎಲುಬು ಬೇಗ ಸವೆಯುತ್ತದೆ. 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಎಲುಬಿನ ಸವೆತದಿಂದ ಮುರಿತ ಆಗಬಹುದೆಂದು ಅಂದಾಜು. ಆದರೆ ಸೊಂಟ ಮುರಿದ ನಂತರದ ಒಂದು ವರ್ಷದಲ್ಲಿ ಸಾಯುವ ಸಂಭವ ಗಂಡಸರಿಗೇ ಹೆಚ್ಚು. ಹಲವು ದೇಶಗಳ ಅಧ್ಯಯನಗಳು ಇದನ್ನೇ ತೋರಿಸಿವೆ.

ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: 60 ಹೆಂಗಸರು, 20 ಗಂಡಸರು ಶಸ್ತ್ರಚಿಕಿತ್ಸೆಗೆ ಒಳಗಾದರು. ವರ್ಷದೊಳಗೆ 12 ಹೆಂಗಸರು, 6 ಗಂಡಸರು ತೀರಿಕೊಂಡರು. ಸಂಖ್ಯೆ ನೋಡಿದರೆ ಹೆಂಗಸರ ಸಾವು ಎರಡು ಪಟ್ಟು. ಪ್ರಮಾಣ ನೋಡಿದರೆ ಹೆಂಗಸರದು ಶೇ. 20, ಗಂಡಸರದು ಶೇ. 30. ಒಟ್ಟು ಸಂಖ್ಯೆಯನ್ನಷ್ಟೇ ನೋಡುವವರು ಅಜ್ಜನ ಅಪಾಯವನ್ನು ಮರೆಯುತ್ತಾರೆ.

ಗಂಡಸರಿಗೆ ಅಪಾಯ ಹೆಚ್ಚಲು ಕಾರಣಗಳಿವೆ. ಸೊಂಟ ಮುರಿಯುವ ಹೊತ್ತಿಗೆ ಅವರಲ್ಲಿ ಅನೇಕರಿಗೆ ಹೃದಯ, ಶ್ವಾಸಕೋಶದ ಕಾಯಿಲೆಗಳು ಮೊದಲೇ ಇರುತ್ತವೆ. ಬೀಡಿ, ಸಿಗರೇಟಿನಿಂದ ಕೆಟ್ಟ ಶ್ವಾಸಕೋಶಕ್ಕೆ ಮಲಗಿದಲ್ಲೇ ನ್ಯುಮೋನಿಯಾ ಬೇಗ ತಗಲುತ್ತದೆ. ಎಲುಬಿನ ಸವೆತ ‘ಹೆಂಗಸರ ಕಾಯಿಲೆ’ ಎಂಬ ಭಾವನೆಯಿಂದ ಗಂಡಸರಿಗೆ ಅದರ ತಪಾಸಣೆ, ಔಷಧವೂ ಕಡಿಮೆ. ಹಾಗೆಂದು ಅಜ್ಜಿಯರು ಪಾರಾದರು ಎಂದಲ್ಲ. ಬದುಕುಳಿದವರ ಎಲುಬು ಸವೆದೇ ಇರುತ್ತದೆ, ಮತ್ತೊಮ್ಮೆ ಬಿದ್ದರೆ ಇನ್ನೊಂದು ಕಡೆ ಮುರಿಯಬಹುದು.

ಇನ್ನೊಂದು ಮಾತು. ಆಸ್ಪತ್ರೆಯ ದಾಖಲೆಯಲ್ಲಿ ಇರುವುದು ಆಸ್ಪತ್ರೆಗೆ ಬಂದವರ ಲೆಕ್ಕ ಮಾತ್ರ. ‘ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ’ ಎಂದು ಮನೆಯಲ್ಲೇ ಮಲಗಿಸಿದವರು ಆ ಶೇಕಡಾವಾರಿನಲ್ಲಿ ಸೇರುವುದೇ ಇಲ್ಲ.

ನಾವು ಮಾಡಬಹುದಾದದ್ದು ಏನು? ಬಿದ್ದವರನ್ನು ಎಣ್ಣೆ ತಿಕ್ಕಿಸುತ್ತ ದಿನ ಕಳೆಯದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಸಾಧ್ಯವಾದಷ್ಟು ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿರಿ. ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳಿದಂತೆ ಬೇಗ ಎಬ್ಬಿಸಿ ನಡೆಸಬೇಕು. ನೆಲದ ಮೇಲೆ ಕೂರಬೇಡಿ ಎಂದಿದ್ದರೆ ದಾದಾ-ದಾದಿಯರು ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡಲಿ. ಅಶಕ್ತರಿಗೆ ಧರ್ಮವೇ ಆ ಅವಕಾಶ ಕೊಟ್ಟಿದೆ. ಬಚ್ಚಲಿಗೊಂದು ಹಿಡಿಕೆ, ರಾತ್ರಿಗೊಂದು ದೀಪ ಹಾಕಿಸಲು ಹೆಚ್ಚು ಖರ್ಚಿಲ್ಲ. ಅಜ್ಜಿಗೂ ಬೇಕು, ಅಜ್ಜನಿಗೂ ಬೇಕು.