ವರದಿಯ ವಿಭಾಗಗಳಿಗೂ ಹದ್ದುಬಸ್ತು ಬೇಕು



ನಮ್ಮ ಸಂಘದ 2022ರ ಮಹಾಸಭೆಗೆ ಬಂದಿದ್ದವರಿಗೆ ಅಂದಿನ ಗೊಂದಲ ನೆನಪಿರಬಹುದು. ವಾರ್ಷಿಕ ವರದಿಯಲ್ಲಿ "ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಉತ್ತರ: ಪುಟ 4" ಎಂದು ನಮೂದಿಸಿದ್ದೆವು. ಹಿರಿಯ ಸದಸ್ಯರೊಬ್ಬರು 4ನೆಯ ಪುಟ ತೆರೆದರೆ ಅಲ್ಲಿದ್ದುದು ಕಾಫಿ ಸಸಿ ವಿತರಣೆಯ ವಿವರ. "ಕಾರ್ಯದರ್ಶಿಗಳೇ, ಉತ್ತರದ ಹಾಳೆ ಕಿತ್ತು ಹಾಕಿದಿರೇನು?" ಎಂದು ಅವರು ಎದ್ದು ನಿಂತು ಕೇಳಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಹಾಳೆ ಎಲ್ಲಿಗೂ ಹೋಗಿರಲಿಲ್ಲ. ಒಂದೇ ವರದಿಯಲ್ಲಿ 4ನೆಯ ಪುಟಗಳು ಎರಡಿದ್ದವು! ಲೆಕ್ಕಪತ್ರದ ಭಾಗ ಬರುತ್ತಲೇ ಪುಟಗಳ ಎಣಿಕೆ ಮತ್ತೆ 1ರಿಂದ ಆರಂಭವಾಗಿತ್ತು. ಇದನ್ನು ವಿವರಿಸಿ ಸಮಾಧಾನಪಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹಣದ ಲೆಕ್ಕ ಪೈಸೆಗೆ ಪೈಸೆ ಸರಿಯಿದ್ದರೂ ಪುಟದ ಲೆಕ್ಕ ತಪ್ಪಿದ್ದರಿಂದ ಸದಸ್ಯರ ನಂಬಿಕೆಗೆ ಪೆಟ್ಟು ಬಿದ್ದಿತು.

ತಪ್ಪು ನಮ್ಮದೇ. ವರದಿಯನ್ನು ಗಣಕಯಂತ್ರದಲ್ಲಿ ಜೋಡಿಸಿದವರು ನಾವೇ. ಇಂದು ನಮ್ಮ ಸದಸ್ಯರಲ್ಲಿ ಹಲವರು, ಇಲ್ಲವೇ ಅವರ ಮಕ್ಕಳು, ಸ್ವಸಹಾಯ ಸಂಘದ ವರದಿ, ದೇವಸ್ಥಾನ ಸಮಿತಿಯ ಜಮಾಖರ್ಚು, ಬ್ಯಾಂಕಿಗೆ ಕೊಡುವ ಯೋಜನಾ ವರದಿ ಇವುಗಳನ್ನು ಮನೆಯಲ್ಲೇ ತಯಾರಿಸುತ್ತಾರೆ. ನಮಗಾದ ಪಾಡು ಅವರಿಗಾಗಬಾರದೆಂದು ಈ ಪಾಠ.

ವಿಭಾಗವೆಂದರೇನು?

ನಮ್ಮ ಹಿಡುವಳಿಗಳಲ್ಲಿ ತಗ್ಗಿನಲ್ಲಿ ಅಡಿಕೆ, ಏರಿನಲ್ಲಿ ಕಾಫಿ. ಅಡಿಕೆಗೆ ಬೋರ್ಡೋ ಸಿಂಪಡಣೆ, ಕಾಫಿಗೆ ಮರಗಸಿ. ಜಮೀನು ಒಂದೇ ಆದರೂ ಆರೈಕೆ ಬೇರೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರೆದ ಕಡತವನ್ನೂ ಹೀಗೆಯೇ 'ಸೆಕ್ಷನ್' ಅಂದರೆ ವಿಭಾಗಗಳಾಗಿ ಒಡೆಯಬಹುದು. ಕಾಗದದ ಅಳತೆ, ಹಾಳೆ ಉದ್ದವೋ ಅಡ್ಡವೋ ಎಂಬುದು, ಅಂಚು, ಅಂಕಣ, ಹೆಡರ್, ಫೂಟರ್, ಪುಟಸಂಖ್ಯೆಯ ಕ್ರಮ ಇವೆಲ್ಲ ವಿಭಾಗಕ್ಕೆ ಸೇರಿದವು. ನಾವು ಒಡೆಯದಿದ್ದರೆ ಇಡೀ ಕಡತ ಒಂದೇ ವಿಭಾಗ. ಆದುದರಿಂದಲೇ ಒಂದು ಅಗಲವಾದ ಕೋಷ್ಟಕಕ್ಕಾಗಿ ಹಾಳೆಯನ್ನು ಅಡ್ಡ ಮಾಡಹೊರಟರೆ ಎಲ್ಲ ಹಾಳೆಗಳೂ ಅಡ್ಡವಾಗುತ್ತವೆ.

ಪುಟ ಒಡೆಯುವುದು ಬೇರೆ, ವಿಭಾಗ ಒಡೆಯುವುದು ಬೇರೆ. ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ಪುಟ ಬರುತ್ತದೆ, ವಿಭಾಗ ಹಳೆಯದೇ. ವಿಭಾಗ ಒಡೆಯಲು 'ಲೇಔಟ್' ಪಟ್ಟಿಯ 'ಬ್ರೇಕ್ಸ್' ಒತ್ತಬೇಕು. ಅಲ್ಲಿ 'ನೆಕ್ಸ್ಟ್ ಪೇಜ್' ಎಂದರೆ ಹೊಸ ವಿಭಾಗ ಹೊಸ ಪುಟದಿಂದ. 'ಕಂಟಿನ್ಯುಯಸ್' ಎಂದರೆ ಅದೇ ಪುಟದಲ್ಲಿ. ಧಾರಣೆ ಪಟ್ಟಿಯನ್ನು ಪುಟದ ಕೆಳಗೆ ಎರಡು ಅಂಕಣಗಳಲ್ಲಿ ಹಾಕುವುದಿದ್ದರೆ ಎರಡನೆಯದು. 'ಈವನ್ ಪೇಜ್', 'ಆಡ್ ಪೇಜ್' ಎಂಬವು ಸಮ, ಬೆಸ ಪುಟದಿಂದ ಆರಂಭಿಸಲು. ಪುಸ್ತಕ ಮಾಡುವವರಿಗೆ ಉಪಯೋಗ.

ಮಾಡುವ ಕ್ರಮ

ವರದಿಯ ನಡುವೆ ಒಂದು ಕೋಷ್ಟಕ ಮಾತ್ರ ಅಡ್ಡ ಹಾಳೆಯಲ್ಲಿ ಬರಬೇಕೆಂದು ಇಟ್ಟುಕೊಳ್ಳೋಣ.

1. 'ಹೋಮ್' ಪಟ್ಟಿಯಲ್ಲಿ ಇಂಗ್ಲಿಷಿನ ಪಿ ಅಕ್ಷರವನ್ನು ತಿರುಗಿಸಿಟ್ಟಂಥ ಗುರುತೊಂದಿದೆ. ಅದನ್ನು ಒತ್ತಿದರೆ ಮರೆಯಲ್ಲಿರುವ ಗಡಿಗಳು 'ಸೆಕ್ಷನ್ ಬ್ರೇಕ್' ಎಂಬ ಹೆಸರಿನೊಡನೆ ಕಣ್ಣಿಗೆ ಬೀಳುತ್ತವೆ. ಕಳೆ ಸವರದೆ ಬಾಂದುಕಲ್ಲು ಹುಡುಕಲಾಗದು.

2. ಕೋಷ್ಟಕದ ಮೇಲಿನ ಸಾಲಿನ ಕೊನೆಯಲ್ಲಿ ಒಂದು 'ನೆಕ್ಸ್ಟ್ ಪೇಜ್' ಗಡಿ ಹಾಕಿ. ಕೋಷ್ಟಕ ಮುಗಿದ ಮೇಲೆ ಇನ್ನೊಂದು ಹಾಕಿ. ಈಗ ವಿಭಾಗಗಳು ಮೂರಾದವು.

3. ನಡುವಿನ ವಿಭಾಗದೊಳಗೆ ನಿಂತು 'ಲೇಔಟ್', 'ಓರಿಯಂಟೇಶನ್', 'ಲ್ಯಾಂಡ್‌ಸ್ಕೇಪ್' ಆರಿಸಿ. ಅದೊಂದೇ ಅಡ್ಡವಾಗುತ್ತದೆ.

4. ಹೊಸ ವಿಭಾಗದ ಹೆಡರ್, ಫೂಟರ್‌ಗಳು ಹಿಂದಿನದಕ್ಕೆ ಅಂಟಿಕೊಂಡೇ ಇರುತ್ತವೆ. ಒಂದನ್ನು ತಿದ್ದಿದರೆ ಇನ್ನೊಂದೂ ಬದಲಾಗುತ್ತದೆ. ಬೇರೆ ಬೇರೆ ಬೇಕಿದ್ದರೆ, ತಿದ್ದುವ ಮೊದಲೇ 'ಲಿಂಕ್ ಟು ಪ್ರೀವಿಯಸ್' ಎಂಬುದನ್ನು ತೆಗೆಯಿರಿ. ಹೆಡರ್‌ಗೆ ಒಮ್ಮೆ, ಫೂಟರ್‌ಗೆ ಒಮ್ಮೆ ತೆಗೆಯಬೇಕು. ಮೂರನೆಯ ವಿಭಾಗದಲ್ಲೂ ಮರೆಯಬಾರದು.

5. 'ಇನ್ಸರ್ಟ್', 'ಪೇಜ್ ನಂಬರ್', 'ಫಾರ್ಮ್ಯಾಟ್ ಪೇಜ್ ನಂಬರ್ಸ್' ತೆರೆದು, ಪ್ರತಿ ವಿಭಾಗದಲ್ಲೂ 'ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್' ಎಂದಿದೆಯೇ ನೋಡಿ. ನಾವು ಎಡವಿದ್ದು ಇಲ್ಲಿಯೇ. ಲೆಕ್ಕಪತ್ರದ ವಿಭಾಗದಲ್ಲಿ 'ಸ್ಟಾರ್ಟ್ ಅಟ್ 1' ಎಂಬುದು ಉಳಿದುಹೋಗಿತ್ತು. ಫೂಟರ್ ಹಿಂದಿನದಕ್ಕೆ ಅಂಟಿಕೊಂಡಿದ್ದರೂ ಎಣಿಕೆಯ ಆರಂಭ ಆಯಾ ವಿಭಾಗದ್ದೇ ಎಂಬುದು ನಮಗಾಗ ತಿಳಿದಿರಲಿಲ್ಲ.

ಗಡಿಕಲ್ಲು ಕೀಳುವ ಮುನ್ನ

ಸಭೆಯ ಮರುದಿನ ವರದಿಯನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಲು ಕುಳಿತೆವು. ಅಡ್ಡ ಹಾಳೆಯ ಲೆಕ್ಕಪತ್ರದ ಮೊದಲಿದ್ದ ಗಡಿಯೇ ಎಲ್ಲಕ್ಕೂ ಕಾರಣವೆಂದು ತಿಳಿದು ಅದನ್ನು ಅಳಿಸಿದೆವು. ಕೂಡಲೇ ಅಧ್ಯಕ್ಷರ ಮಾತು, ಆಡಳಿತ ಮಂಡಳಿಯ ವರದಿ ಎಲ್ಲವೂ ಅಡ್ಡ ಮಲಗಿದವು! ಕಾರಣ ಸರಳ. ಪ್ರತಿ ವಿಭಾಗದ ವಿನ್ಯಾಸವನ್ನು ಅದರ ಕೊನೆಯಲ್ಲಿರುವ ಗಡಿಯೇ ಹೊತ್ತಿರುತ್ತದೆ. ಗಡಿ ಹೋದರೆ ಮೇಲಿನ ಭಾಗವು ಕೆಳಗಿನದರೊಡನೆ ಸೇರಿ ಕೆಳಗಿನದರ ವಿನ್ಯಾಸವನ್ನೇ ಪಡೆಯುತ್ತದೆ. ಬಾಂದುಕಲ್ಲು ಕಿತ್ತರೆ ಏರಿನ ಕಾಫಿ ತಗ್ಗಿನ ಅಡಿಕೆ ತೋಟದ ಪಾಲಾದಂತೆ. ಹಾಗಾದಲ್ಲಿ ಗಾಬರಿ ಬೇಡ, ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಮೊದಲಿನಂತಾಗುತ್ತದೆ. ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡೇ ಗಡಿಗಳಿಗೆ ಕೈಹಾಕುವುದು ಲೇಸು.

ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಬಳಸುವವರಿಗೆ ಕ್ರಮ ಬೇರೆ. ಅಲ್ಲಿ ಹಾಳೆಯ ಉದ್ದ, ಅಡ್ಡ 'ಪೇಜ್ ಸ್ಟೈಲ್'ಗೆ ಸೇರಿದ್ದು. 'ಇನ್ಸರ್ಟ್', 'ಮೋರ್ ಬ್ರೇಕ್ಸ್', 'ಮ್ಯಾನ್ಯುವಲ್ ಬ್ರೇಕ್' ತೆರೆದು 'ಪೇಜ್ ಬ್ರೇಕ್' ಜೊತೆಗೆ 'ಲ್ಯಾಂಡ್‌ಸ್ಕೇಪ್' ಎಂಬ ಸ್ಟೈಲ್ ಆರಿಸಬೇಕು. ಕೋಷ್ಟಕ ಮುಗಿದ ಮೇಲೆ ಅದೇ ರೀತಿ ಮೊದಲಿನ ಸ್ಟೈಲ್‌ಗೆ ಮರಳಬೇಕು.

ಅಚ್ಚಿಗೆ ಕೊಡುವ ಮುನ್ನ

ವರ್ಡ್‌ನ ಪರದೆಯ ಕೆಳಪಟ್ಟಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸೆಕ್ಷನ್' ಎಂಬುದನ್ನು ಗುರುತಿಸಿದರೆ, ಯಾವ ವಿಭಾಗದಲ್ಲಿದ್ದೇವೆಂಬುದು ಸದಾ ಕಾಣುತ್ತದೆ. ಪುಟಸಂಖ್ಯೆಯನ್ನು ಬರಿದೇ 4 ಎಂದು ಹಾಕದೆ 'ಪೇಜ್ ಎಕ್ಸ್ ಆಫ್ ವೈ' ಮಾದರಿಯನ್ನು ಆರಿಸಿರಿ. ಆಗ ಒಟ್ಟು 12 ಪುಟಗಳಲ್ಲಿ ಇದು ನಾಲ್ಕನೆಯದು ಎಂದು ಪ್ರತಿ ಹಾಳೆಯೂ ತಾನೇ ಸಾಕ್ಷಿ ಹೇಳುತ್ತದೆ. ಕೊನೆಗೆ ಪಿಡಿಎಫ್ ಮಾಡಿ, ಮೊದಲಿನಿಂದ ಕೊನೆಯವರೆಗೆ ಪುಟಗಳನ್ನು ಬೆರಳಿಟ್ಟು ಎಣಿಸಿರಿ.

2023ರ ಮಹಾಸಭೆಯಲ್ಲಿ ಅದೇ ಹಿರಿಯರು ವರದಿ ಕೈಗೆ ಬಂದೊಡನೆ ಪುಟಗಳನ್ನೆಲ್ಲ ಎಣಿಸಿ, ಕೊನೆಯ ಪುಟದ ಸಂಖ್ಯೆಯೊಡನೆ ತಾಳೆ ನೋಡಿ, ಆಮೇಲೆ ಲೆಕ್ಕದ ಪ್ರಶ್ನೆ ಕೇಳಿದರು. ಹಾಗೆ ಎಣಿಸುವುದು ಅವರ ಹಕ್ಕು. ಎಣಿಕೆ ತಾಳೆಯಾಗುವಂತೆ ನೋಡಿಕೊಳ್ಳುವುದು ವರದಿ ಬರೆಯುವ ನಮ್ಮೆಲ್ಲರ ಕರ್ತವ್ಯ.